ಹೂಡಿಕೆಗಿಂತ ಮೊದಲು ಬಾಕಿ ವಸೂಲಿ

ಓದುಗರ ಪತ್ರ: ಶಿವಮೊಗ್ಗದಲ್ಲಿ ಇಬ್ಬರು ಪಾಲುದಾರರು ಸೇರಿ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ನಾಲ್ಕು ವರ್ಷದಲ್ಲಿ 240 ಮಂಡಿಗಳಾಗಿವೆ. ಚಂದಾ ತಿಂಗಳಿಗೆ 1,000 ರೂ. ಮತ್ತು ಜಿಎಸ್‌ಟಿ. ಐವರು ಕೆಲಸದವರು, ನಮ್ಮಿಬ್ಬರ ಸಂಬಳ, ಬಾಡಿಗೆ, ಸರ್ವರ್, ಓಡಾಟ ಎಲ್ಲ ಸೇರಿ ತಿಂಗಳ ಖರ್ಚು 2.24 ಲಕ್ಷ. 70 ಮಂಡಿಗಳದ್ದು ಮೂರು ತಿಂಗಳ ಬಾಕಿ ಇದೆ. ದಿನಕ್ಕೆ ನಲವತ್ತು ಫೋನ್ ಬರುತ್ತವೆ. ಈಗ ಹೂಡಿಕೆದಾರರೊಬ್ಬರು 20% ಪಾಲಿಗೆ 1.5 ಕೋಟಿ ಕೊಡುತ್ತೇವೆ, 18 ತಿಂಗಳಲ್ಲಿ 2,000 ಮಂಡಿ ಆಗಬೇಕು ಎನ್ನುತ್ತಿದ್ದಾರೆ. ಒಂದು ಸಹಕಾರ ಸಂಘ ತನಗೆ ಬೇಕಾದಂತೆ ಬದಲಿಸಿಕೊಟ್ಟರೆ ವರ್ಷಕ್ಕೆ 12 ಲಕ್ಷ ಕೊಡುತ್ತದಂತೆ. ನಮ್ಮ ಒಳ್ಳೆಯ ಹುಡುಗನೊಬ್ಬ ಬೆಂಗಳೂರಿಗೆ ಹೊರಟು ನಿಂತಿದ್ದಾನೆ. ಷೇರು ದಲ್ಲಾಳಿ ಕಂಪನಿ ಜೆರೋಧಾ, ಸಾಫ್ಟ್‌ವೇರ್ ಕಂಪನಿ ಜೋಹೊ ಹೊರಗಿನ ದುಡ್ಡಿಲ್ಲದೆ ಬೆಳೆದವು ಎನ್ನುತ್ತಾರೆ. ನಮ್ಮಂಥವರಿಗೆ ಆ ದಾರಿ ಇದೆಯೇ? ತಾಳ್ಮೆ ಅಂದರೆ ಇದ್ದಲ್ಲೇ ಇರುವುದೇ?

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಆ 70 ಮಂಡಿಗಳ ಬಾಕಿ. ತಲಾ 3,000ದಂತೆ 2.10 ಲಕ್ಷ. ನಿಮ್ಮ ಒಂದು ತಿಂಗಳ ಖರ್ಚಿಗೆ ಹತ್ತಿರ ಹತ್ತಿರ ಸಮ. ಬಿಲ್ ಹಾಕಿದ್ದೀರಿ ಎಂದಾದರೆ ಅದರ ಮೇಲಿನ 18% ಜಿಎಸ್‌ಟಿ, ಅಂದರೆ 37,800 ರೂ., ನೀವಾಗಲೇ ಕೈಯಿಂದ ಕಟ್ಟಿದ್ದೀರಿ. ತಿಂಗಳಿಗೆ ನಿಮಗೆ ಉಳಿಯುವುದು 2.40 ಲಕ್ಷದಲ್ಲಿ 2.24 ಕಳೆದು 16 ಸಾವಿರ. ಎರಡು ತಿಂಗಳಿಗೂ ಹೆಚ್ಚಿನ ಉಳಿತಾಯವನ್ನು, ನಿಮಗೆ ದುಡ್ಡು ಕೊಡದವರ ಪರವಾಗಿ ಸರ್ಕಾರಕ್ಕೆ ಕೊಟ್ಟಂತಾಯಿತು. ಹೂಡಿಕೆದಾರರ ಮಾತು ಆಮೇಲೆ. ಈ ತೂತು ಮುಚ್ಚದೆ ಮೇಲಿಂದ 1.5 ಕೋಟಿ ಸುರಿದರೆ, 2,000 ಮಂಡಿಯಾದಾಗ ತೂತೂ ಎಂಟು ಪಟ್ಟು ದೊಡ್ಡದಾಗಿರುತ್ತದೆ.

ಜೆರೋಧಾ ಉದಾಹರಣೆ ಕೊಟ್ಟಿದ್ದೀರಿ. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ ಹೊರಗಿನ ಹೂಡಿಕೆ ತೆಗೆದುಕೊಳ್ಳಲಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಯಾಕೆ ಬೇಕಾಗಲಿಲ್ಲ ಎಂಬುದನ್ನು ಗಮನಿಸುವವರು ಕಡಿಮೆ. ಒಂದು ಆರ್ಡರಿಗೆ 20 ರೂಪಾಯಿ ಎಂದು ದರ ಇಟ್ಟರು, ಆ 20 ರೂಪಾಯಿ ಗ್ರಾಹಕರ ಖಾತೆಯಿಂದಲೇ ಕಡಿತವಾಗುತ್ತದೆ. ಯಾರ ಬಾಗಿಲಿಗೂ ವಸೂಲಿಗೆ ಹೋಗಬೇಕಿಲ್ಲ. ಇನ್ನೊಂದು ವಿಷಯ: ಮೊದಲ ವರ್ಷಗಳಲ್ಲಿ ವಹಿವಾಟಿನ ತಂತ್ರಾಂಶವನ್ನು ಬೇರೆಯವರಿಂದ ತೆಗೆದುಕೊಂಡೇ ನಡೆಸಿದರು. ಸ್ವಂತದ್ದಾದ ಕೈಟ್ ಬಂದದ್ದು 2015ರಲ್ಲಿ. ಗ್ರಾಹಕರು ಬಂದ ಮೇಲೆ, ಅವರ ದುಡ್ಡಿನಲ್ಲಿ, ಸಣ್ಣ ತಂಡವೊಂದು ಮುಕ್ತ ತಂತ್ರಾಂಶಗಳನ್ನು ಬಳಸಿ ಕಟ್ಟಿದ್ದು ಅದು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಐದು ವರ್ಷ ತಡೆದು ಮಾಡಬೇಕು ಎಂಬ ಸರದಿಯನ್ನು ಹಿಡಿದಿಡುವುದೇ ಮುಂದಾಳಿನ ಕೆಲಸ. ಕಡಿಮೆ ಬಂಡವಾಳದ ಕಂಪನಿ ಎಂದರೆ ಜಿಪುಣ ಕಂಪನಿಯಲ್ಲ. ಗ್ರಾಹಕರ ದುಡ್ಡು ಖರ್ಚಿಗಿಂತ ಮೊದಲು ಬರುವ ಹಾಗೆ ಕಟ್ಟಿದ ಕಂಪನಿ.

ಹಾಗಾದರೆ ನಿಮ್ಮಲ್ಲಿ ದುಡ್ಡು ಮೊದಲು ಬರುವುದು ಹೇಗೆ? ವಾರ್ಷಿಕ ಚಂದಾ. ಆದರೆ ಇಲ್ಲಿ ಬಹಳ ಜನ ಎಡವುತ್ತಾರೆ. "ವರ್ಷದ್ದು ಒಟ್ಟಿಗೆ ಕೊಟ್ಟರೆ ಎರಡು ತಿಂಗಳು ಉಚಿತ" ಎನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಲೆಕ್ಕ ಹಾಕಿ ನೋಡಿ. ಪ್ರತಿ ತಿಂಗಳ ಮೊದಲಿಗೆ ಸಾವಿರದಂತೆ ಬರಬೇಕಾದ 12,000ಕ್ಕೆ ಬದಲಾಗಿ ಇವತ್ತೇ 10,000 ತೆಗೆದುಕೊಂಡರೆ, ನೀವು ತಿಂಗಳಿಗೆ ಸುಮಾರು 3.5% ಬಡ್ಡಿಗೆ ಸಾಲ ಎತ್ತಿದಂತೆ. ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿಯನ್ನು ಪೇಟೆಯಲ್ಲಿ ಕೇಳಿದರೆ ನೀವೇ ಎದ್ದು ಬರುತ್ತೀರಿ. ಒಂದೇ ತಿಂಗಳು ಬಿಟ್ಟು 11,000 ತೆಗೆದುಕೊಂಡರೆ ಬಡ್ಡಿ 1.6%ಕ್ಕೆ ಇಳಿಯುತ್ತದೆ. ತಿಂಗಳು ತಿಂಗಳು ವಸೂಲಿಗೆ ಹೋಗುವ ಪೆಟ್ರೋಲು, ಮುಳುಗುವ ಬಾಕಿ ಸೇರಿಸಿದರೆ ಅಷ್ಟು ಕೊಡಬಹುದು. ಅದಕ್ಕಿಂತ ಹೆಚ್ಚು ಬೇಡ.

ನೂರು ಮಂಡಿಗಳು ಒಪ್ಪಿದವು ಎನ್ನಿ. 11 ಲಕ್ಷ, ಮೇಲೆ ಜಿಎಸ್‌ಟಿ 1.98 ಲಕ್ಷ. ಖಾತೆಗೆ ಹದಿಮೂರು ಲಕ್ಷ ಬಂದಂತೆ ಕಾಣುತ್ತದೆ. ಜಿಎಸ್‌ಟಿ ಮುಂದಿನ ತಿಂಗಳು 20ರೊಳಗೆ ಹೋಗುತ್ತದೆ. ಉಳಿದ 11 ಲಕ್ಷದಲ್ಲೂ ಈ ತಿಂಗಳು ನೀವು ದುಡಿದದ್ದು ಹನ್ನೆರಡನೇ ಒಂದು ಭಾಗ, ಸುಮಾರು 92 ಸಾವಿರ. ಮಿಕ್ಕಿದ್ದು ಇನ್ನೂ ಮಾಡಬೇಕಾದ ಕೆಲಸಕ್ಕೆ ಬಂದ ಮುಂಗಡ. ಬೇರೆ ಬ್ಯಾಂಕ್ ಖಾತೆ ತೆರೆದು ಅಲ್ಲಿಡಿ, ತಿಂಗಳಿಗೊಮ್ಮೆ ಅಷ್ಟಷ್ಟೇ ಈಚೆ ತನ್ನಿ. ಮುಂಗಡವನ್ನು ಲಾಭವೆಂದು ತಿಳಿದು ಇಬ್ಬರನ್ನು ಹೊಸದಾಗಿ ನೇಮಿಸಿಕೊಂಡು, ಎಂಟನೇ ತಿಂಗಳಿಗೆ ಸಂಬಳಕ್ಕೆ ಪರದಾಡುವುದು ಈ ವ್ಯಾಪಾರದಲ್ಲಿ ತೀರಾ ಸಾಮಾನ್ಯವಾದ ಸಾವು.

ವಾರ್ಷಿಕ ಚಂದಾ ಕೇಳುವ ಹೊತ್ತೂ ಮುಖ್ಯ. ಆಷಾಢದಲ್ಲಿ ಮಂಡಿಗೆ ಹೋಗಿ 11,000 ಕೇಳಬೇಡಿ. ಹೊಸ ಅಡಿಕೆ ಬಂದು ರಾಶಿ, ಬೆಟ್ಟೆ, ಗೊರಬಲು ಬಗೆಯ ಚೀಲಗಳು ಸಾಲು ಹಿಡಿದಾಗ ಕೇಳಿ. ಆದರೆ ಅದೇ ಹಂಗಾಮಿನಲ್ಲಿ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಿಡಬೇಡಿ. ರೈತ ಎದುರಿಗೆ ನಿಂತಿರುವಾಗ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಪ್ರಿಂಟ್ ಆಗದಿದ್ದರೆ, ಮಂಡಿಯ ಸಾಹುಕಾರರು ನಿಮ್ಮನ್ನು ಇನ್ನೊಮ್ಮೆ ನಂಬುವುದಿಲ್ಲ.

ಹೊಸ ಮಂಡಿಯೊಂದು ಸೇರಿದಾಗ ಎರಡು ಸಲ ಹೋಗಿ ಬರುತ್ತೀರಿ, ರೈತರ ಹಳೆಯ ಬಾಕಿ-ಮುಂಗಡಗಳನ್ನು ಖಾತೆಗೆ ಏರಿಸುತ್ತೀರಿ, ಗುಮಾಸ್ತರಿಗೆ ಕಲಿಸುತ್ತೀರಿ. ಅದಕ್ಕೆ 3,500 ರೂ. ಆಗುತ್ತದೆ ಎಂದಿಟ್ಟುಕೊಳ್ಳಿ. ಸಾವಿರ ಚಂದಾದಲ್ಲಿ ಫೋನು, ಸರ್ವರ್ ಖರ್ಚು 350 ಕಳೆದರೆ 650 ಉಳಿಯುತ್ತದೆ. ಹಾಕಿದ ದುಡ್ಡು ವಾಪಸು ಬರಲು ಐದೂವರೆ ತಿಂಗಳು ಬೇಕು. ಆ 3,500ನ್ನು ಮೊದಲೇ ಅಳವಡಿಕೆ ಶುಲ್ಕವಾಗಿ ಕೇಳಿದರೆ ಮೊದಲ ದಿನವೇ ಸಮ. ಅಷ್ಟು ಕೊಡಲು ಒಪ್ಪದವರು ಚಂದಾವನ್ನೂ ಸರಿಯಾಗಿ ಕೊಡುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ನಿಮ್ಮ 70 ಮಂಡಿಗಳ ಪಟ್ಟಿ ತೆಗೆದು, ಉಚಿತವಾಗಿ ಅಳವಡಿಸಿಕೊಟ್ಟವು ಎಷ್ಟಿವೆ ಎಂದು ಎಣಿಸಿ ನೋಡಿ.

ಈಗ ಹೂಡಿಕೆದಾರರ ಮಾತು. 18 ತಿಂಗಳಲ್ಲಿ 2,000 ಎಂದರೆ ತಿಂಗಳಿಗೆ 98 ಹೊಸ ಮಂಡಿ. ನಾಲ್ಕು ವರ್ಷದಲ್ಲಿ ನೀವು ತಿಂಗಳಿಗೆ ಐದರಂತೆ ಸೇರಿಸಿದ್ದೀರಿ. 1.5 ಕೋಟಿಯನ್ನು 18 ತಿಂಗಳಿಗೆ ಹರಡಿದರೆ ತಿಂಗಳ ಖರ್ಚಿಗೆ 8.3 ಲಕ್ಷ ಸೇರುತ್ತದೆ, ಒಟ್ಟು ಹತ್ತೂವರೆ ಲಕ್ಷ. ಕಷ್ಟಪಟ್ಟು 800 ಮಂಡಿಗೆ ತಲುಪಿದಿರಿ, ಅದೇ ಮೂರು ಪಟ್ಟಿಗಿಂತ ಹೆಚ್ಚು, ಆದರೂ ಆದಾಯ ತಿಂಗಳಿಗೆ 8 ಲಕ್ಷ. ದುಡ್ಡು ಮುಗಿದಿರುತ್ತದೆ, ತಿಂಗಳಿಗೆ ಎರಡೂವರೆ ಲಕ್ಷ ಕೊರತೆ ಇರುತ್ತದೆ, ಮತ್ತೆ ಹೂಡಿಕೆ ಕೇಳಲು ಹೋಗುವಾಗ ನಿಮ್ಮ ಕೈ ಕೆಳಗಿರುತ್ತದೆ. ಮೊದಲು ಒಂದು ಕೆಲಸ ಮಾಡಿ: ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಚನ್ನಗಿರಿ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಪಿಎಂಸಿಗಳಲ್ಲಿ ಪರವಾನಗಿ ಪಡೆದ ಅಡಿಕೆ ದಲಾಲರು ಎಷ್ಟು ಮಂದಿ ಎಂದು ಕೂತು ಎಣಿಸಿ. 2,000 ಇದ್ದಾರೆಯೇ ಎಂಬುದು ಆಗ ಗೊತ್ತಾಗುತ್ತದೆ. ಇಲ್ಲದಿದ್ದರೆ ಆ ಗುರಿಯಲ್ಲಿ ಬೆಲ್ಲದ ಮಂಡಿ, ಮೆಣಸಿನಕಾಯಿ ಮಂಡಿಗಳೂ ಒಳಗೊಂಡಿವೆ, ಅಂದರೆ ನೀವಿನ್ನೂ ಮಾಡದ ಸಾಫ್ಟ್‌ವೇರ್ ಮೇಲೆ ಮಾತು ಕೊಡುತ್ತಿದ್ದೀರಿ.

ಒಪ್ಪಂದದಲ್ಲಿ ಒಂದು ಸಾಲನ್ನು ಹುಡುಕಿ ಓದಿ. ಕಂಪನಿ ಮಾರಾಟವಾದರೆ ಹೂಡಿಕೆದಾರರು ಮೊದಲು ತಮ್ಮ ಅಸಲು ತೆಗೆದುಕೊಂಡು, ಆಮೇಲೆ ಉಳಿದದ್ದರಲ್ಲೂ ಪಾಲು ಪಡೆಯುತ್ತಾರೆಯೇ, ಅಥವಾ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೇ? ಐದು ಕೋಟಿಗೆ ಮಾರಿದರೆ, ಎರಡನೆಯ ರೀತಿಯಲ್ಲಿ ಅವರಿಗೆ 1.5 ಕೋಟಿ. ಮೊದಲನೆಯ ರೀತಿಯಲ್ಲಿ 1.5 ಕೋಟಿ, ಮೇಲೆ ಉಳಿದ 3.5 ಕೋಟಿಯ 20%, ಒಟ್ಟು 2.2 ಕೋಟಿ. 20% ಎಂದುಕೊಂಡು ಸಹಿ ಹಾಕಿದವರಿಗೆ 44% ಹೋಗಿರುತ್ತದೆ. ಹೂಡಿಕೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಒಂದು ರೂಪಾಯಿ ಹಾಕಿದರೆ ಎಷ್ಟು ತಿಂಗಳಲ್ಲಿ ವಾಪಸು ಬರುತ್ತದೆ ಎಂದು ಖಚಿತವಾಗಿ ಗೊತ್ತಿರುವವರಿಗೆ ಅದು ಒಳ್ಳೆಯದು. ನಿಮಗೆ ಇನ್ನೂ ಗೊತ್ತಿಲ್ಲ. ಷೇರು ಕೇಳದ ದುಡ್ಡು ಬೇಕಿದ್ದರೆ ರಾಜ್ಯ ಸರ್ಕಾರದ ಎಲಿವೇಟ್ ಇದೆ. ಸ್ಪರ್ಧೆಯಲ್ಲಿ ಆಯ್ಕೆಯಾದ ನವೋದ್ಯಮಗಳಿಗೆ 50 ಲಕ್ಷದವರೆಗೆ ಅನುದಾನ ಕೊಡುತ್ತಾರೆ. ಅದನ್ನು ನೋಡಿ.

ಸಹಕಾರ ಸಂಘದ 12 ಲಕ್ಷದ ಬಗ್ಗೆ ನಮಗೆ ಹೆಚ್ಚು ಆತಂಕವಿದೆ. ಅದು ಸೇರಿದರೆ ನಿಮ್ಮ ವಾರ್ಷಿಕ ಆದಾಯ 40.8 ಲಕ್ಷ, ಅದರಲ್ಲಿ 29% ಒಬ್ಬರಿಂದಲೇ. 1995ರಲ್ಲಿ ಇನ್ಫೊಸಿಸ್‌ಗೆ ಇಂಥದ್ದೇ ಸನ್ನಿವೇಶ ಬಂದಿತ್ತು. ಆದಾಯದ ಕಾಲು ಭಾಗ ಕೊಡುತ್ತಿದ್ದ ದೊಡ್ಡ ಗ್ರಾಹಕ ದರ ಇಳಿಸಲು ಪಟ್ಟು ಹಿಡಿದ. ಆ ದರಕ್ಕೆ ಒಳ್ಳೆಯ ಕೆಲಸ ಮಾಡಿಕೊಡಲಾಗದು ಎಂದು ನಾರಾಯಣ ಮೂರ್ತಿಯವರ ತಂಡ ಆ ವ್ಯವಹಾರವನ್ನೇ ಬಿಟ್ಟಿತು, ಮುಂದೆ ಒಬ್ಬರ ಮೇಲೇ ಹೀಗೆ ಆತುಕೊಳ್ಳದಂತೆ ನಿಯಮ ಮಾಡಿಕೊಂಡಿತು. ಬಿಡಲು ಅವರಿಗೆ ಸಾಧ್ಯವಾದದ್ದು ಮಿಕ್ಕ ಮುಕ್ಕಾಲು ಪಾಲು ಗಟ್ಟಿಯಾಗಿದ್ದುದರಿಂದ.

ನೀವು ಸಂಘದ ಕೆಲಸ ತೆಗೆದುಕೊಳ್ಳಿ, ಆದರೆ ಷರತ್ತುಗಳ ಮೇಲೆ. 40% ಮುಂಗಡ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಉಚಿತ, ಇಲ್ಲದಿದ್ದರೆ ಒಪ್ಪಂದಕ್ಕೆ ಮೊದಲೇ ಮಾಡಿಸಿ. ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕೆಂದು 2006ರ ಕಾಯಿದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಸಂಘ 10% ಟಿಡಿಎಸ್ (ಪಾವತಿಯಲ್ಲೇ ಹಿಡಿಯುವ ತೆರಿಗೆ) ಕಡಿತ ಮಾಡಿದರೆ 1.2 ಲಕ್ಷ ನಿಮ್ಮ ರಿಟರ್ನ್ ಸಲ್ಲಿಸುವವರೆಗೂ ಕೈಗೆ ಬರುವುದಿಲ್ಲ, ಅದನ್ನು ನಗದಿನ ಲೆಕ್ಕದಲ್ಲಿ ಮೊದಲೇ ಹಿಡಿಯಿರಿ.

ಎಲ್ಲಕ್ಕಿಂತ ಮುಖ್ಯ ಷರತ್ತು: ಸಂಘಕ್ಕೆಂದು ಸಾಫ್ಟ್‌ವೇರಿನ ಬೇರೆ ಪ್ರತಿ ಮಾಡಬೇಡಿ. ಸಣ್ಣ ಕಂಪನಿಗಳು ಕಾಣದೆ ಸೋರಿಹೋಗುವುದು ಇಲ್ಲೇ. ಒಂದು ಮಂಡಿಗೆ ಹಮಾಲಿ ಚೀಲದ ಲೆಕ್ಕದಲ್ಲಿ ಬೇಕು, ಇನ್ನೊಂದಕ್ಕೆ ಕ್ವಿಂಟಾಲ್ ಲೆಕ್ಕದಲ್ಲಿ. ಒಬ್ಬರು ಚೀಲದ ತೂಕ ಕಳೆದು ದಲಾಲಿ ಹಾಕುತ್ತಾರೆ, ಇನ್ನೊಬ್ಬರು ಬೇರೆ ರೀತಿ. ಕೇಳಿದವರಿಗೆಲ್ಲ ಒಂದೊಂದು ಪ್ರತಿ ತಿದ್ದಿ ಕೊಟ್ಟರೆ, ತೆರಿಗೆಯ ಒಂದು ನಿಯಮ ಬದಲಾದ ದಿನ ಒಂಬತ್ತು ಕಡೆ ತಿದ್ದಬೇಕು, ಎಂಟು ಕಡೆ ತಿದ್ದಿ ಒಂದನ್ನು ಮರೆತಿರುತ್ತೀರಿ. ಬದಲಾಗುವ ಅಂಶಗಳನ್ನೆಲ್ಲ ಸೆಟ್ಟಿಂಗ್‌ಗೆ ತನ್ನಿ: ಹಮಾಲಿ ಯಾವ ಲೆಕ್ಕ, ಚೀಲದ ತೂಕ ಎಷ್ಟು, ಪಟ್ಟಿಯಲ್ಲಿ ಯಾವ ಸಾಲು ಎಲ್ಲಿ. ಕನಿಷ್ಠ ಮೂರು ಮಂಡಿಗಳು ಕೇಳದ ಬದಲಾವಣೆ ಮಾಡುವುದಿಲ್ಲ ಎಂದು ಗೋಡೆಗೆ ಬರೆದು ಹಾಕಿ.

ದಿನಕ್ಕೆ ನಲವತ್ತು ಫೋನ್ ಎಂದರೆ ತಿಂಗಳಿಗೆ ಸಾವಿರ, ಮಂಡಿಗೆ ನಾಲ್ಕಕ್ಕಿಂತ ಹೆಚ್ಚು. ಒಂದು ರಿಜಿಸ್ಟರ್ ಇಡಿ: ಯಾರು, ಏನು ಕೇಳಿದರು, ಎಷ್ಟು ನಿಮಿಷ. ಒಂದು ತಿಂಗಳು ಬಿಡದೆ ಬರೆಯಿರಿ, ಪಾಲುದಾರರಿಬ್ಬರೂ ವಾರಕ್ಕೆ ಒಂದು ದಿನ ತಾವೇ ಫೋನ್ ಎತ್ತಿ. ಪಟ್ಟಿಯ ಕಾಗದ ಓರೆಯಾಗುವುದು, ನಿನ್ನೆಯ ಬಿಲ್ ತಿದ್ದಲು ಬಾರದಿರುವುದು, ಇಂಥ ನಾಲ್ಕೈದೇ ತೊಂದರೆ ಅರ್ಧಕ್ಕರ್ಧ ಕರೆಗಳನ್ನು ತಿನ್ನುತ್ತಿದ್ದರೆ ಆಶ್ಚರ್ಯವಿಲ್ಲ. ಅವನ್ನು ಸರಿಪಡಿಸಿದರೆ ಒಬ್ಬರ ಪೂರ್ತಿ ಸಮಯ ಬಿಡುವಾಗುತ್ತದೆ. ಹೊಸಬರೊಬ್ಬರನ್ನು ತೆಗೆದುಕೊಳ್ಳಲು ಎಲ್ಲ ಸೇರಿ ತಿಂಗಳಿಗೆ 30 ಸಾವಿರ, ಅಂದರೆ 30 ಮಂಡಿಯ ಚಂದಾ.

ಹೊರಟ ಹುಡುಗನನ್ನು ಬೆಂಗಳೂರಿನ ಸಂಬಳ ಕೊಟ್ಟು ಹಿಡಿಯಲಾಗದು, ಹಾರೈಸಿ ಕಳಿಸಿ. ಆದರೆ ಅವನ ತಲೆಯಲ್ಲಷ್ಟೇ ಇರುವುದನ್ನು ಬರೆಸಿಕೊಳ್ಳಿ. ಬ್ಯಾಕಪ್‌ನಿಂದ ಇಡೀ ವ್ಯವಸ್ಥೆಯನ್ನು ಬೇರೊಬ್ಬರು ಅವನ ಎದುರಿಗೇ ಒಮ್ಮೆ ಎಬ್ಬಿಸಿ ತೋರಿಸಲಿ. ಮುಂದಕ್ಕೆ ಜೋಹೊ ಹಿಡಿದ ದಾರಿ ನಿಮಗೂ ಒಗ್ಗುತ್ತದೆ: ಪಿಯುಸಿ, ಡಿಪ್ಲೊಮಾ ಮುಗಿಸಿದ ಊರಿನ ಮಕ್ಕಳನ್ನೇ ಸ್ಟೈಪೆಂಡ್ ಕೊಟ್ಟು ಕಲಿಸಿ ಕೆಲಸಕ್ಕೆ ತೆಗೆದುಕೊಳ್ಳುವುದು. ಉಳಿದವರಿಗೆ ತಿಂಗಳಿಗೊಮ್ಮೆ ಲೆಕ್ಕಪತ್ರ ತೆರೆದು ತೋರಿಸಿ, ವರ್ಷದ ಲಾಭದಲ್ಲಿ ಒಂದು ಪಾಲು ಅವರದ್ದೆಂದು ಬರೆದು ಕೊಡಿ.

ತಾಳ್ಮೆಯ ಪ್ರಶ್ನೆಗೂ ಜೋಹೊದಲ್ಲೇ ಉತ್ತರವಿದೆ. 1996ರಲ್ಲಿ ಅದು ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಟೆಲಿಕಾಂ ಉಪಕರಣ ತಯಾರಕರಿಗೆ ತಂತ್ರಾಂಶ ಮಾರುತ್ತಿತ್ತು. 2001ರ ಕುಸಿತದಲ್ಲಿ ಆ ಗ್ರಾಹಕರೇ ನೆಲ ಕಚ್ಚಿದರು. ಉಳಿಸಿಟ್ಟ ದುಡ್ಡಿತ್ತು, ಖಾಲಿ ಕೂತ ಎಂಜಿನಿಯರುಗಳಿದ್ದರು. ಅವರಿಂದಲೇ ಹೊಸ ಉತ್ಪನ್ನಗಳನ್ನು ಮಾಡಿಸಿದರು. 2005ರಲ್ಲಿ ಜೋಹೊ ಹೆಸರಿನ ಮೊದಲ ತಂತ್ರಾಂಶಗಳು ಬಂದವು. ಅವರು ಒಂದು ದಿನವೂ ಇದ್ದಲ್ಲಿ ಇರಲಿಲ್ಲ. ನೀವೂ ಆರು ತಿಂಗಳ ಖರ್ಚು, 13.44 ಲಕ್ಷ, ಠೇವಣಿಯಾಗಿ ಕಟ್ಟುತ್ತ ಬನ್ನಿ. ಮೂರು ಅಂಕಿಗಳನ್ನು ತಿಂಗಳು ತಿಂಗಳು ಬರೆದಿಡಿ: ಬಾಕಿ ಎಷ್ಟು ದಿನದ್ದು, ಮಂಡಿಗೆ ಎಷ್ಟು ಫೋನ್, ಕೇಳಿಕೊಂಡು ತಾವಾಗಿ ಬಂದ ಹೊಸ ಮಂಡಿಗಳೆಷ್ಟು. ಆರು ತಿಂಗಳಾದರೂ ಮೂರರಲ್ಲಿ ಒಂದೂ ಸುಧಾರಿಸದಿದ್ದರೆ ಅದನ್ನು ತಾಳ್ಮೆ ಎನ್ನಬೇಡಿ, ದಾರಿ ಬದಲಿಸಿ.

ಹೂಡಿಕೆದಾರರಿಗೆ ವರ್ಷದ ನಂತರ ಈ ಮೂರು ಅಂಕಿಗಳೊಂದಿಗೆ ಬರುತ್ತೇವೆ ಎಂದು ಮರ್ಯಾದೆಯಿಂದ ಬರೆಯಿರಿ. ಸಂಘಕ್ಕೆ ಕರಡು ಒಪ್ಪಂದ ಕಳಿಸುವ ಮೊದಲು ಆಡಿಟರಿಗೆ ಒಮ್ಮೆ ತೋರಿಸಿ. ಸೆಟ್ಟಿಂಗ್ ಕೆಲಸ ಮಾತ್ರ ಮಳೆಗಾಲದಲ್ಲೇ ಮುಗಿಯಲಿ. ದೀಪಾವಳಿ ಕಳೆದರೆ ಪರೀಕ್ಷಿಸಿ ನೋಡಲು ಯಾವ ಮಂಡಿಯ ಗುಮಾಸ್ತರಿಗೂ ಪುರುಸೊತ್ತಿರುವುದಿಲ್ಲ.