ಏದುಸಿರು ಬಂದರೆ ತಪ್ಪು ವಯಸ್ಸಿನದಲ್ಲ, ಸ್ಪೀಡಿನದು

“ತುಮಕೂರಿನಲ್ಲಿ ಈಗ ಬೆಳಗ್ಗೆ ಎಲ್ಲಿ ನೋಡಿದರೂ ಓಡುವವರೇ. ಈ ಹುಚ್ಚು ಎಲ್ಲಿಂದ ಬಂತು? ನನಗೆ 45, ಇನ್ನೂರು ಮೀಟರಿಗೇ ಏದುಸಿರು ಬರುತ್ತೆ, ನನ್ನ ಕೈಲಾಗುತ್ತಾ?” ಅಂತ ಕೇಳಿದ್ದೀರಿ. ಆಗುತ್ತೆ ಸಾರ್. ನಿಧಾನವಾಗಿ ಓಡಬೇಕು, ಅಷ್ಟೇ.

ನಾನು ಶುರು ಮಾಡಿದ್ದು 43ಕ್ಕೆ, ಅಮಾನಿಕೆರೆ ಹತ್ತಿರ. ಮೊದಲ ದಿನವೇ ಒಬ್ಬ ಕಾಲೇಜು ಹುಡುಗ ನನ್ನನ್ನು ದಾಟಿ ಹೋದ. ಸುಮ್ನೆ ಬಿಡೋದು ಬಿಟ್ಟು ಅವನ ಹಿಂದೆ ಬಿದ್ದೆ. ನಾಲ್ಕನೇ ದಿನಕ್ಕೆ ಮೊಣಕಾಲಿನ ಕೆಳಗಿನ ಮೂಳೆ ಹಿಡಿದುಕೊಂಡು ಮೂರು ವಾರ ಮನೆಯಲ್ಲಿ ಕೂತೆ. “ಕಳ್ಳ ಅಟ್ಟಿಸ್ಕೊಂಡು ಬಂದಂಗೆ ಯಾಕೋ ಓಡ್ತೀಯ?” ಅಂತ ಅಪ್ಪ ಬೈದರು. ಆಮೇಲೆ ಕೆರೆ ಹತ್ತಿರ ಸಿಕ್ಕ ರಿಟೈರ್ಡ್ ಮೇಷ್ಟ್ರೊಬ್ಬರು ದಾರಿ ತೋರಿಸಿದರು: ಪಕ್ಕದವರ ಜೊತೆ ಮನೆ ವಿಷಯ ಮಾತಾಡ್ತಾ ಓಡೋಕೆ ಆಗಬೇಕು. ಮಾತು ತುಂಡಾದರೆ ನಡೆಯಿರಿ, ಉಸಿರು ಹತೋಟಿಗೆ ಬಂದ ಮೇಲೆ ಮತ್ತೆ ಓಡಿ.

ಹುಚ್ಚು ಎಲ್ಲಿಂದ ಬಂತು ಅಂದರೆ, ಇದೇ ಬುದ್ಧಿಯಿಂದ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಕೋಚ್ ಇದ್ದರು. ಅವರ ಇಬ್ಬರು ಶಿಷ್ಯರು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಅಂಥವರು ಹೊಟ್ಟೆ ಬಂದ ನಡುವಯಸ್ಸಿನವರನ್ನೂ, ಹೃದಯದ ತೊಂದರೆ ಇದ್ದವರನ್ನೂ ಮೆಲ್ಲಗೆ ಓಡಿಸತೊಡಗಿದರು. ಅಮೆರಿಕದ ಒರೆಗಾನಿನ ಕೋಚ್ ಬಿಲ್ ಬೋವರ್‌ಮನ್ 1962ರಲ್ಲಿ ಅಲ್ಲಿಗೆ ಹೋಗಿ ಆ ಗುಂಪಿನ ಜೊತೆ ಓಡಿದರು. 70 ದಾಟಿದ ಅಜ್ಜನೊಬ್ಬರ ಸಮಕ್ಕೆ ಓಡೋಕಾಗದೆ ಸುಸ್ತಾದರಂತೆ! ಊರಿಗೆ ವಾಪಸ್ ಹೋಗಿ ಜನರಿಗೆ ಜಾಗಿಂಗ್ ಕಲಿಸಿದರು, 1967ರಲ್ಲಿ ಹೃದಯದ ಡಾಕ್ಟರೊಬ್ಬರ ಜೊತೆ ಸೇರಿ ಪುಸ್ತಕ ಬರೆದರು. ಮುಂದೆ ನೈಕಿ ಆದ ಶೂ ಕಂಪನಿಯಲ್ಲೂ ಅವರದು ಪಾಲಿತ್ತು, ಅದು ಬೇರೆ ವಿಷಯ.

1970ರಲ್ಲಿ ನ್ಯೂಯಾರ್ಕ್‌ನ ಮೊದಲ ಮ್ಯಾರಥಾನ್‌ಗೆ ಹೊರಟವರು 127 ಜನ, ಮುಗಿಸಿದವರು 55. ಈಗ ಅಲ್ಲಿ ಐವತ್ತು ಸಾವಿರ ದಾಟುತ್ತೆ. ನಮ್ಮ ಕಡೆ 2004ರಲ್ಲಿ ಮುಂಬೈ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ 10ಕೆ, ಅಂದರೆ ಹತ್ತು ಕಿಲೋಮೀಟರ್ ಓಟ, ಶುರುವಾದವು. ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ನಮ್ಮ ಹುಡುಗರು ಮೆಡಲ್ ಜೊತೆ ಗೀಳನ್ನೂ ಹೊತ್ತು ತಂದರು ಅಂತ ನನ್ನ ಅಂದಾಜು.

ನೀವು ವಾರಕ್ಕೆ ಮೂರೇ ದಿನ ಬನ್ನಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಅರ್ಧ ಗಂಟೆ. ಬಿಪಿ, ಶುಗರ್ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ವಾಚು, ಬೆಲ್ಟು ಏನೂ ಬೇಡ, ದುಡ್ಡು ಹಾಕುವುದಿದ್ದರೆ ಶೂಗೆ ಹಾಕಿ. ಬೀದಿನಾಯಿ ಬಂದರೆ ಮಾತ್ರ ಓಡಲೇಬೇಡಿ, ನಿಂತುಬಿಡಿ. ತೂಕ ಇಳಿಸುವ ಆಸೆ ಇದ್ದರೆ ಓಟ ಮುಗಿಸಿ ಸೀದಾ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗಬೇಡಿ. ನಾವು ಹೋಗ್ತೀವಿ, ಅದಕ್ಕೇ ನನ್ನ ತೂಕ ಹಾಗೇ ಇದೆ.

ದೇವರಾಯನದುರ್ಗದ ಏರುದಾರಿಗೆ ಈಗಲೇ ಕೈ ಹಾಕಬೇಡಿ. ನಾನು ಅದನ್ನು ಇವತ್ತಿಗೂ ನಡೆದೇ ಹತ್ತುವುದು. ಮೇಷ್ಟ್ರು ಮಾತ್ರ ಮೊಮ್ಮಗಳ ಕಥೆ ಹೇಳ್ತಾ ಹೇಳ್ತಾ ಮುಂದಕ್ಕೆ ಓಡಿಹೋಗಿರ್ತಾರೆ.