ಗಟ್ಟಿಯಾಗದ ರೆಸಿನ್, ಅರ್ಧಕ್ಕೆ ನಿಂತ ಬರಹ: ಹೊಸ ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ, ನಮಸ್ಕಾರ.

ನೀವು ಕಳಿಸಿದ ‘ಅಪ್ಪನ ದೋಣಿ’ಯನ್ನು ಎರಡು ಸಲ ಓದಿದೆ. ಈಗಿರುವಂತೆ ಇದನ್ನು ಪ್ರಕಟಿಸಲಾರೆ. ಆದರೆ ಸುಮ್ಮನೆ ವಾಪಸು ಕಳಿಸಲೂ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಕಾರವಾರದ ಸೂರ್ಯಾಸ್ತ, ಠಾಗೋರರು ಇಲ್ಲಿಗೆ ಬಂದಿದ್ದು, ಕಾಳಿ ನದಿ ಕಡಲು ಸೇರುವ ಚೆಂದ, ಇವನ್ನೆಲ್ಲ ನಮ್ಮ ಓದುಗರು ಬಹಳ ಸಲ ಓದಿದ್ದಾರೆ. ನಿಮ್ಮ ಬರಹ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ಮಾಜಾಳಿಯ ದಂಡೆಯಲ್ಲಿ ಕವುಚಿ ಹಾಕಿದ ಫೈಬರ್ ದೋಣಿ, ಬಂಡೆಗೆ ತಾಗಿ ಅಡಿಯಲ್ಲಿ ಬಿಟ್ಟ ಗೇಣುದ್ದದ ಬಿರುಕು, ಜುಲೈ ಮಳೆ, ಬಿರುಕು ಮುಚ್ಚಲು ಸಂಜೆ ಹಚ್ಚಿದ ರೆಸಿನ್ ಎಂಬ ಅಂಟುದ್ರವ ಬೆಳಿಗ್ಗೆ ‘ಜೋನಿಬೆಲ್ಲದ ಹಾಗೆ ಬೆರಳಿಗೆ ಹತ್ತಿಕೊಂಡಿತು’ ಎಂಬ ಸಾಲು. ಆ ಒಂದು ಸಾಲಿಗಾಗಿಯೇ ನಾನು ಎರಡನೇ ಸಲ ಓದಿದ್ದು.

ಅಲ್ಲಿಂದ ಮುಂದೆ ನೀವು ಅವಸರ ಮಾಡಿದ್ದೀರಿ. ‘ಮಳೆಗಾಲದ ಥಂಡಿಗೆ ರೆಸಿನ್ ಗಟ್ಟಿಯಾಗಲಿಲ್ಲ’ ಎಂದು ಒಂದೇ ವಾಕ್ಯದಲ್ಲಿ ಕಾರಣ ಹೇಳಿ ಮುಗಿಸಿದ್ದೀರಿ. ತದಡಿಯಲ್ಲಿ ನನ್ನ ಭಾವನ ಫೈಬರ್ ಕೆಲಸದ ಶೆಡ್ ಇತ್ತು. ಕೆಲವು ಮಳೆಗಾಲ ಅಲ್ಲಿ ತಕ್ಕಡಿ ಹಿಡಿದು ಕೂತವನು ನಾನು. ಆ ಅನುಭವದಿಂದ ಹೇಳುತ್ತೇನೆ, ಈ ಕಾರಣ ನಿಲ್ಲುವುದಿಲ್ಲ. ಪಾಲಿಯೆಸ್ಟರ್ ರೆಸಿನ್ 15 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗಲು ಒದ್ದಾಡುತ್ತದೆ, ಹೌದು. ಆದರೆ ಕಾರವಾರದಲ್ಲಿ ಜುಲೈ ರಾತ್ರಿ ಕೂಡ ಅಷ್ಟು ಥಂಡಿ ಇರುವುದಿಲ್ಲ.

ಕಾರಣಗಳು ನಿಮ್ಮ ಬರಹದಲ್ಲೇ ಇವೆ, ಬೇರೆ ಬೇರೆ ಪುಟಗಳಲ್ಲಿ ಚದುರಿ ಬಿದ್ದಿವೆ. ನಾಲ್ಕನೇ ಪುಟದಲ್ಲಿ ‘ಸೋರುವ ಮಾಡಿನಡಿ ಇಟ್ಟಿದ್ದ ಮ್ಯಾಟ್’ ಬರುತ್ತದೆ. ಗಾಜಿನೆಳೆಯ ಮ್ಯಾಟ್ ತೇವ ಹಿಡಿದರೆ ರೆಸಿನ್ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ರೆಸಿನ್ ಬೇಗ ಹಿಡಿಯಲೆಂದು ಸೇರಿಸುವ ಕೋಬಾಲ್ಟಿನ ಕೆಲಸವನ್ನೂ ನೀರಿನಂಶ ಕುಂದಿಸುತ್ತದೆ. ಐದನೇ ಪುಟದಲ್ಲಿ ‘ಎರಡು ಕೆಜಿ ರೆಸಿನ್‌ಗೆ ಎರಡು ಮುಚ್ಚಳ ಹಾರ್ಡ್‌ನರ್’ ಎಂದಿದೆ. ಹಾರ್ಡ್‌ನರ್ ಅಂದರೆ ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ. ಒಂದು ಮುಚ್ಚಳಕ್ಕೆ 5 ಮಿಲಿ ಹಿಡಿಯುತ್ತದೆ ಎಂದುಕೊಂಡರೂ ಒಟ್ಟು 10 ಮಿಲಿ, ತೂಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಗ್ರಾಂ ಆಯಿತು. ಸಾಮಾನ್ಯವಾಗಿ ಬೇಕಾಗುವುದು ಕೆಜಿಗೆ 10ರಿಂದ 20 ಗ್ರಾಂ, ಎರಡು ಕೆಜಿಗೆ ಕನಿಷ್ಠ 20. ನೀವು ಹಾಕಿದ್ದು ಕನಿಷ್ಠದ ಅರ್ಧದಷ್ಟು! ಏಳನೇ ಪುಟದಲ್ಲಿ ‘ಕಳೆದ ವರ್ಷ ಉಳಿದಿದ್ದ ಡಬ್ಬಿ’ ಬರುತ್ತದೆ. ರೆಸಿನ್ ತಂಪಾದ ಜಾಗದಲ್ಲಿ ಇಟ್ಟರೂ ಸುಮಾರು ಆರು ತಿಂಗಳ ಸರಕು, ಹಾರ್ಡ್‌ನರ್ ಕೂಡ ಹಳತಾದರೆ ಕಸುವು ಕಳೆದುಕೊಳ್ಳುತ್ತದೆ. ನಿಮ್ಮ ಡಬ್ಬಿಯ ರೆಸಿನ್‌ಗೆ ಕೋಬಾಲ್ಟ್ ಮೊದಲೇ ಸೇರಿತ್ತೇ, ನೀವು ಸೇರಿಸಬೇಕಿತ್ತೇ ಎನ್ನುವುದನ್ನು ಎಲ್ಲಿಯೂ ಹೇಳಿಲ್ಲ. ಕೋಬಾಲ್ಟ್ ಬೀಳದಿದ್ದರೆ ಎಷ್ಟು ಹಾರ್ಡ್‌ನರ್ ಸುರಿದರೂ ರೆಸಿನ್ ಹಾಗೇ ಕೂತಿರುತ್ತದೆ.

ಇನ್ನು ಕೊನೆಯ ಪುಟದ ಸಲಹೆ. ‘ಕೋಬಾಲ್ಟ್, ಹಾರ್ಡ್‌ನರ್ ಎರಡನ್ನೂ ಮೊದಲೇ ಕಲಸಿಟ್ಟುಕೊಂಡರೆ ಬೇಗ ಹಿಡಿಯುತ್ತದೆ ಎಂದು ಅಂಗಡಿಯಲ್ಲಿ ಹೇಳಿದರು.’ ಈ ವಾಕ್ಯ ಇರುವವರೆಗೆ ನಿಮ್ಮ ಬರಹದ ಒಂದಕ್ಷರವೂ ನಮ್ಮಲ್ಲಿ ಅಚ್ಚಾಗುವುದಿಲ್ಲ. ಅವೆರಡು ನೇರ ಕೂಡಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕದಡಬೇಕು, ಆಮೇಲೆಯೇ ಹಾರ್ಡ್‌ನರ್. ಹಾರ್ಡ್‌ನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ತಕ್ಷಣ ನೀರಿನಲ್ಲಿ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ತೊಳೆದು ಆಸ್ಪತ್ರೆಗೆ ಓಡಬೇಕು. ನಿಮ್ಮ ಬರಹ ಓದಿ ಯಾವುದೋ ದಂಡೆಯಲ್ಲಿ ಒಬ್ಬ ಹುಡುಗ ಹಾಗೆ ಕಲಸಿದರೆ ಅದರ ಹೊಣೆ ನಿಮ್ಮದೂ ಹೌದು, ನನ್ನದೂ ಹೌದು.

‘ಅಂಟಾಗಿತ್ತು, ಮೇಲೆ ಬರೀ ಹಾರ್ಡ್‌ನರ್ ಸವರಿದೆ’ ಎಂದೂ ಬರೆದಿದ್ದೀರಿ. ಎಷ್ಟು ಆಳಕ್ಕೆ ಅಂಟು? ಉಗುರು ಒತ್ತಿ ನೋಡಿದಿರಾ? ಓದುಗನಿಗೆ ಬೇಕಾದದ್ದು ಇದೇ. ಒಳಗೆ ಕಲ್ಲಿನಂತೆ ಗಟ್ಟಿಯಾಗಿ ಮೇಲ್ಮೈ ಮಾತ್ರ ಜಿಗುಟಾಗಿದ್ದರೆ ಹೆದರಬೇಕಿಲ್ಲ. ಗಾಳಿಯ ಆಮ್ಲಜನಕ ಮೇಲ್ಪದರವನ್ನು ಗಟ್ಟಿಯಾಗಲು ಬಿಡುವುದಿಲ್ಲ, ಇನ್ನೊಂದು ಪದರ ಕೂರಿಸುವುದಿದ್ದರೆ ಆ ಜಿಗುಟು ಒಳ್ಳೆಯದೇ. ಕೊನೆಯ ಪದರಕ್ಕೆ ಮೇಣ ಸೇರಿದ ರೆಸಿನ್ ಹಚ್ಚಿದರೆ ಮುಗಿಯಿತು. ಉಗುರು ಒಳಗಿಳಿದರೆ ಮಾತ್ರ ಕಥೆ ಬೇರೆ. ಹಾರ್ಡ್‌ನರ್ ಸ್ವಲ್ಪವೇ ಕಡಿಮೆ ಬಿದ್ದಿದ್ದರೆ ಬಲ್ಬಿನ ಬಿಸಿ ತೋರಿಸಿ ಒಂದು ದಿನ ಕಾಯಬಹುದು. ಮ್ಯಾಟ್ ನೆನೆದಿದ್ದರೆ ಅದೂ ಉಪಯೋಗವಿಲ್ಲ. ಮೇಲೆ ಸವರಿದ ಹಾರ್ಡ್‌ನರ್ ಆಳಕ್ಕೆ ಹೋಗುವುದಿಲ್ಲ. ಎಲ್ಲ ಕೆರೆದು ತೆಗೆದು, ಅಸಿಟೋನಿನಲ್ಲಿ ಒರೆಸಿ, 40 ನಂಬರಿನ ಮರಳು ಕಾಗದದಿಂದ ಹಳೆಯ ಗಟ್ಟಿ ಫೈಬರ್ ಕಾಣುವವರೆಗೆ ಉಜ್ಜಿ, ಒಣಗಿದ ಮೇಲೆ ಹೊಸ ಮ್ಯಾಟ್ ಹಾಕಬೇಕು. ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್‌ಗೂ ಇದೇ ಲೆಕ್ಕ ಎಂದಿದ್ದೀರಿ, ಅದು ತಪ್ಪು. ಅದರ ಹಾರ್ಡ್‌ನರ್ ರೆಸಿನ್‌ನೊಡನೆ ಕೂಡಿ ಅದರದೇ ಭಾಗವಾಗುತ್ತದೆ. ತಯಾರಕರು ಹೇಳಿದ ಪ್ರಮಾಣ ತಪ್ಪಿದರೆ, ಹೆಚ್ಚಾದರೂ ಕಡಿಮೆಯಾದರೂ, ಮೆತ್ತಗೇ ಉಳಿಯುತ್ತದೆ.

ಒಂದು ಮಾತು ನಿಮಗೆ ಹೊಳೆಯಬೇಕಿತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಬೈತಖೋಲದಿಂದ ಭಟ್ಕಳದವರೆಗೆ ದುರಸ್ತಿಗೆ ಬಿಡುವು ಸಿಗುವುದು ಆಗಲೇ. ರೆಸಿನ್‌ಗೆ ಒಣ ಹವೆ ಬೇಕು, ನಮಗೆ ಪುರಸೊತ್ತು ಸಿಗುವುದು ಧೋ ಎಂದು ಸುರಿಯುವಾಗ. ಟಾರ್ಪಾಲು ಕಟ್ಟಿ, ಮ್ಯಾಟನ್ನು ಅಡುಗೆಮನೆಯ ಒಲೆಯ ಹಿಂದೆ ಬೆಚ್ಚಗಿಟ್ಟು, ಎರಡು ಮಳೆಯ ನಡುವಿನ ಹೊಳವು ಕಾದು ಕೆಲಸ ಮಾಡುವವರು ನಮ್ಮವರು. ಸೂರ್ಯಾಸ್ತದ ಬದಲು ಅದನ್ನು ಬರೆಯಿರಿ.

ಅಪ್ಪನ ವಿಷಯಕ್ಕೆ ಬರುತ್ತೇನೆ. ಆರನೇ ಪುಟದ ಕೊನೆಯಲ್ಲಿ ‘ಅಪ್ಪ ಏನೂ ಹೇಳದೆ ನನ್ನ ಕೈಯಿಂದ ಉಳಿ ತಕ್ಕೊಂಡು ಕೆರೆಯಲು ಕೂತರು’ ಎಂದು ಒಂದೇ ಸಾಲು ಬರೆದು ಮುಂದೆ ಓಡಿದ್ದೀರಿ. ಎಷ್ಟು ಹೊತ್ತು ಕೆರೆದರು? ನೀವೆಲ್ಲಿ ನಿಂತಿದ್ದಿರಿ? ಆ ಮಧ್ಯಾಹ್ನಕ್ಕೆ ಎರಡು ಪುಟ ಕೊಡಿ, ನಾನು ಒಂದು ಪದವನ್ನೂ ಕತ್ತರಿಸುವುದಿಲ್ಲ. ನಿಮ್ಮ ತಪ್ಪನ್ನು ಥಂಡಿಯ ಮೇಲೆ ಹಾಕಿದ್ದರಿಂದಲೇ ಆ ಸಾಲು ಚಿಕ್ಕದಾಗಿದೆ ಎಂದು ನನಗೆ ಅನಿಸುತ್ತದೆ. ಮುಚ್ಚಳದಲ್ಲಿ ಅಳೆದವರು ನೀವು ಎಂದು ಬರೆದರೆ ಅಪ್ಪನ ಮೌನಕ್ಕೆ ತೂಕ ತಾನಾಗಿ ಬರುತ್ತದೆ.

ತಿದ್ದಿ ಕಳಿಸಿ, ಅವಸರವಿಲ್ಲ. ಎರಡನೇ ಸಲ ಎಷ್ಟು ಗ್ರಾಂ ಹಾಕಿದಿರಿ, ಎಷ್ಟು ಹೊತ್ತಿಗೆ ಹಿಡಿಯಿತು ಎನ್ನುವುದೂ ಬರಲಿ. ಆ ದೋಣಿ ಮತ್ತೆ ನೀರಿಗೆ ಇಳಿಯಿತೇ ಇಲ್ಲವೇ ಎಂದು ನೀವು ಹೇಳಿಯೇ ಇಲ್ಲವಲ್ಲ!

ಇತಿ,
ಸಂಪಾದಕ