137 ಕಿಲೋಹರ್ಟ್ಸ್‌ನಲ್ಲಿ ಮೋರ್ಸ್ ಕೀ ಸಾಕೇ, ಕಂಪ್ಯೂಟರ್ ಬೇಕೇ?

ಪ್ರಶ್ನೆ: ಹಲವು ವರ್ಷಗಳಿಂದ ಹವ್ಯಾಸಿ ರೇಡಿಯೋದ 40 ಮತ್ತು 20 ಮೀಟರ್ ಪಟ್ಟಿಗಳಲ್ಲಿ ಮೋರ್ಸ್‌ನಲ್ಲೇ ಮಾತನಾಡುತ್ತ ಬಂದಿದ್ದೇನೆ. ಈಗ 630 ಮತ್ತು 2200 ಮೀಟರ್‌ಗಳತ್ತ ಮನಸ್ಸು ಹರಿದಿದೆ. ಅಲ್ಲಿ ಮೋರ್ಸ್‌ಗೆ ಉಳಿಗಾಲವಿಲ್ಲ, ಏನಿದ್ದರೂ ಡಿಜಿಟಲ್ ವಿಧಾನಗಳೇ ಎಂದು ಗೆಳೆಯರು ಹೇಳುತ್ತಾರೆ. ಎರಡು ಕಂಪ್ಯೂಟರ್‌ಗಳು ಮಾತನಾಡುವುದನ್ನು ನೋಡುತ್ತ ಕೂರುವ ಆಸೆ ನನಗಿಲ್ಲ. ಗೆಳೆಯರ ಮಾತು ನಿಜವೇ?

ಉತ್ತರ: ನಿಮ್ಮ ಗೆಳೆಯರು ಎರಡು ಬೇರೆ ಬೇರೆ ಪಟ್ಟಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. 472ರಿಂದ 479 ಕಿಲೋಹರ್ಟ್ಸ್‌ವರೆಗಿನ 630 ಮೀಟರ್ ಪಟ್ಟಿಯಲ್ಲಿ ಕೈಯಿಂದ ಕಳುಹಿಸಿದ ಮೋರ್ಸ್ ಇಂದಿಗೂ ಚೆನ್ನಾಗಿಯೇ ನಡೆಯುತ್ತದೆ. ಅದರ ನೆರೆಯ 500 ಕಿಲೋಹರ್ಟ್ಸ್ ದಶಕಗಳ ಕಾಲ ಹಡಗುಗಳ ಅಪಾಯದ ಕರೆಗೆ ಮೀಸಲಾಗಿತ್ತು, ಆ ಕರೆಗಳು ಬರುತ್ತಿದ್ದುದು ಮೋರ್ಸ್‌ನಲ್ಲೇ. ತೊಡಕಿರುವುದು 135.7ರಿಂದ 137.8 ಕಿಲೋಹರ್ಟ್ಸ್‌ವರೆಗಿನ 2200 ಮೀಟರ್ ಪಟ್ಟಿಯಲ್ಲಿ. ಅಲ್ಲಿಯೂ ಹತ್ತಿರದ ಕೇಂದ್ರಗಳೊಂದಿಗೆ ಕಿವಿಯಿಂದಲೇ ಮೋರ್ಸ್ ಓದಬಹುದು. ಸಾಗರ ದಾಟಬೇಕೆಂದರೆ ಕಿವಿ ಸಾಮಾನ್ಯವಾಗಿ ಸೋಲುತ್ತದೆ. ಧ್ವನಿಯ ಮಾತಂತೂ ಬೇಡವೇ ಬೇಡ. ಇಡೀ ಪಟ್ಟಿಯ ಅಗಲ 2.1 ಕಿಲೋಹರ್ಟ್ಸ್, ಎಸ್‌ಎಸ್‌ಬಿ ಎಂಬ ಕಿರಿದಾದ ಧ್ವನಿ ವಿಧಾನದಲ್ಲೂ ಒಬ್ಬರ ಮಾತಿಗೇ ಅದು ಸಾಲದು.

ಕಿವಿ ಏಕೆ ಸೋಲುತ್ತದೆ ಎಂಬುದನ್ನು ಆಂಟೆನಾದಿಂದಲೇ ಲೆಕ್ಕ ಹಾಕಬೇಕು. 2200 ಮೀಟರ್ ತರಂಗಾಂತರದ ಕಾಲು ಭಾಗವೆಂದರೆ 550 ಮೀಟರ್ ಎತ್ತರದ ಕಂಬ. ನಮ್ಮ ಕೈಗೆ ಎಟುಕುವುದು 15 ಮೀಟರ್ ಎಂದುಕೊಳ್ಳೋಣ. ತುದಿಯಲ್ಲಿ ಅಡ್ಡ ತಂತಿಗಳನ್ನು ಧಾರಾಳವಾಗಿ ಹರಡಿದರೂ ಅದರ ವಿಕಿರಣ ರೋಧ, ಅಂದರೆ ಶಕ್ತಿಯನ್ನು ತರಂಗವಾಗಿ ಹೊರಗೆ ಕಳುಹಿಸುವ ಪಾಲಿನ ರೋಧ, 0.07 ಓಮ್ ದಾಟುವುದು ಕಷ್ಟ. ನೆಲದಲ್ಲಿ ಮತ್ತು ಗಿಡ್ಡ ಆಂಟೆನಾವನ್ನು ಶ್ರುತಿಗೊಳಿಸುವ ತಂತಿ ಸುರುಳಿಯಲ್ಲಿ ಆಗುವ ನಷ್ಟವನ್ನು 50 ಓಮ್ ಎಂದಿಟ್ಟುಕೊಂಡರೆ, ನೀವು ಸುರಿದ 200 ವ್ಯಾಟ್‌ನಲ್ಲಿ ಮೂರನೇ ಒಂದು ವ್ಯಾಟ್ ಕೂಡ ಆಕಾಶಕ್ಕೆ ಏರುವುದಿಲ್ಲ. ಉಳಿದದ್ದೆಲ್ಲ ಮಣ್ಣನ್ನು ಮತ್ತು ಸುರುಳಿಯನ್ನು ಬಿಸಿ ಮಾಡುತ್ತದೆ. ಹೋಗಲಿ, ಶಕ್ತಿ ಹೆಚ್ಚಿಸೋಣವೆಂದರೆ ನಿಯಮವೂ ಅಡ್ಡ ಬರುತ್ತದೆ: 2007ರ ವಿಶ್ವ ರೇಡಿಯೋ ಸಮ್ಮೇಳನ ಈ ಪಟ್ಟಿಯನ್ನು ಹವ್ಯಾಸಿಗಳಿಗೆ ಕೊಟ್ಟಾಗ ಇಐಆರ್‌ಪಿ (ಆಂಟೆನಾದಿಂದ ನಿಜಕ್ಕೂ ಹೊರಹೊಮ್ಮುವ ಶಕ್ತಿ) ಲೆಕ್ಕದಲ್ಲಿ 1 ವ್ಯಾಟ್ ಮಿತಿಯನ್ನೂ ಜೊತೆಗೇ ಕೊಟ್ಟಿತು.

ಶಕ್ತಿಯನ್ನು ಹೆಚ್ಚಿಸುವಂತಿಲ್ಲ, ಆಂಟೆನಾವನ್ನು ಬೆಳೆಸುವಂತಿಲ್ಲ. ಕೈಯಲ್ಲಿ ಉಳಿಯುವುದು ಸಮಯವೊಂದೇ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಕೊಡವನ್ನು ಎಷ್ಟು ಹೊತ್ತು ಇಟ್ಟರೆ ಅಷ್ಟು ನೀರು. ಒಂದೊಂದು ಚುಕ್ಕೆಗೂ ಹೆಚ್ಚು ಸಮಯ ಕೊಟ್ಟರೆ ಅದರಲ್ಲಿ ಹೆಚ್ಚು ಶಕ್ತಿ ಸಂಗ್ರಹವಾಗುತ್ತದೆ, ಗ್ರಾಹಕದ ಫಿಲ್ಟರನ್ನು ಅಷ್ಟೇ ಕಿರಿದಾಗಿಸಬಹುದು, ಒಳನುಗ್ಗುವ ಗದ್ದಲವೂ ಅಷ್ಟು ಕಡಿಮೆಯಾಗುತ್ತದೆ.

ಈ ಗುಟ್ಟನ್ನು ಮೊದಲು ಹಿಡಿದವರು ಮೋರ್ಸ್‌ನವರೇ ಎಂಬುದನ್ನು ನಿಮ್ಮ ಗೆಳೆಯರಿಗೆ ಹೇಳಿ. ನಿಮಿಷಕ್ಕೆ 12 ಪದಗಳ ವೇಗದಲ್ಲಿ ಒಂದು ಚುಕ್ಕೆಯ ಅವಧಿ 0.1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಎಳೆದರೆ ಸುಮಾರು 15 ಡೆಸಿಬೆಲ್ ಲಾಭ. 60 ಸೆಕೆಂಡಿಗೆ ಎಳೆದರೆ 28. ಕ್ಯೂಆರ್‌ಎಸ್‌ಎಸ್ ಎಂದು ಕರೆಯುವ ಅತಿ ನಿಧಾನದ ಮೋರ್ಸ್ ಇದೇ. ಇಷ್ಟು ನಿಧಾನದ ಮೋರ್ಸ್ ಕಿವಿಗೆ ನಿಲುಕುವುದಿಲ್ಲ. ಪರದೆಯ ಮೇಲೆ ಉರುಳುವ ಚಿತ್ರದಲ್ಲಿ ಚುಕ್ಕೆ ಮತ್ತು ಗೆರೆಗಳನ್ನು ಕಣ್ಣಿನಿಂದ ಓದಬೇಕು. ಬೆಲೆಯೂ ಇದೆ: 60 ಸೆಕೆಂಡಿನ ಚುಕ್ಕೆಯಲ್ಲಿ ಸಾಮಾನ್ಯ ಐದಕ್ಷರದ ಒಂದು ಪದಕ್ಕೆ 50 ನಿಮಿಷ ಬೇಕು. ಕಂಪ್ಯೂಟರ್ ಇಲ್ಲೂ ಇದೆ, ಆದರೆ ಅಕ್ಷರ ಯಾವುದೆಂದು ತೀರ್ಮಾನಿಸುವವರು ನೀವು. ನಿಮ್ಮ ಸ್ವಭಾವಕ್ಕೆ ಇದು ಒಗ್ಗಬಹುದು ಎಂದು ನನ್ನ ಊಹೆ.

ಡಿಜಿಟಲ್ ವಿಧಾನ ಮುಂದಿಡುವ ಹೆಜ್ಜೆ ಎರಡನೆಯದು. ಅದು ಸಮಯವನ್ನು ಎಳೆಯುವುದಷ್ಟೇ ಅಲ್ಲದೆ ಸಂದೇಶವನ್ನೂ ಹಿಂಡುತ್ತದೆ. ಕಾಲ್‌ಸೈನ್ (ಕೇಂದ್ರದ ಗುರುತಿನ ಹೆಸರು), ಸ್ಥಳಸೂಚಿ, ಸಿಗ್ನಲ್ ಬಲದ ವರದಿ ಎಲ್ಲವೂ 77 ಬಿಟ್‌ಗಳಲ್ಲಿ ಅಡಕ. ಮೇಲೆ ತಪ್ಪು ತಿದ್ದುವ ಬಿಟ್‌ಗಳ ಕವಚ. ಸಿಡಿಲಿನ ಚಟಪಟ ಮೋರ್ಸ್‌ನ ಒಂದು ಚುಕ್ಕೆಯನ್ನು ನುಂಗಿದರೆ ಆ ಅಕ್ಷರ ಹೋಯಿತು, ಊಹಿಸಬೇಕು. ಡಿಜಿಟಲ್‌ನಲ್ಲಿ ಕೆಲವು ಬಿಟ್‌ಗಳು ಹಾಳಾದರೂ ಉಳಿದವುಗಳ ಬಲದಿಂದ ಇಡೀ ಸಂದೇಶ ಎದ್ದು ಬರುತ್ತದೆ. 2500 ಹರ್ಟ್ಸ್ ಅಗಲದ ಗದ್ದಲಕ್ಕೆ ಹೋಲಿಸಿ ಅಳೆದರೆ ನುರಿತ ಕಿವಿ ಮೈನಸ್ 15 ಡೆಸಿಬೆಲ್‌ನ ಆಸುಪಾಸಿನವರೆಗೆ (ಅಂದರೆ ಗದ್ದಲಕ್ಕಿಂತ ಅಷ್ಟು ದುರ್ಬಲ ಸಿಗ್ನಲ್‌ವರೆಗೆ) ಹೋಗಬಲ್ಲದು, ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಮೈನಸ್ 21ರವರೆಗೆ. ಕೆಳ ಪಟ್ಟಿಗಳನ್ನೇ ಗಮನದಲ್ಲಿಟ್ಟು ಮಾಡಿದ ಎಫ್‌ಎಸ್‌ಟಿ4, ಒಂದು ನಿಮಿಷದ ಸರದಿಯಲ್ಲಿ (ಒಂದು ಸಂದೇಶ ಕಳುಹಿಸುವ ಅವಧಿ) ಮೈನಸ್ 28ರವರೆಗೆ, ಅರ್ಧ ಗಂಟೆಯ ಸರದಿಯಲ್ಲಿ ಮೈನಸ್ 43ರವರೆಗೆ ಇಳಿಯುತ್ತದೆ. ಮೈನಸ್ 43ರಲ್ಲಿ ಮನುಷ್ಯನ ಕಿವಿಗೆ ಅಲ್ಲಿ ಏನೂ ಇಲ್ಲ.

ಆದರೂ ಈ ಅಂಕಿಗಳನ್ನು ಎದುರಿಗಿಟ್ಟು ಮೋರ್ಸ್ ಸತ್ತಿತೆನ್ನುವವರ ಜೊತೆ ನನಗೆ ಜಗಳವಿದೆ. ಎಫ್‌ಟಿ8ಗೂ ಎಫ್‌ಎಸ್‌ಟಿ4ಗೂ ಗೊತ್ತಿರುವುದು ಕೆಲವೇ ಅಚ್ಚುಗಳ ಸಂದೇಶ. ಹೊರಗೆ ಮಳೆ ಶುರುವಾಗಿದೆ, ಆಂಟೆನಾ ಶ್ರುತಿ ತಪ್ಪುತ್ತಿದೆ, ಸುರುಳಿಯಿಂದ ಕಿಡಿ ಹಾರಿತು, ಸ್ವಲ್ಪ ನಿಲ್ಲಿ ಎಂದು ಹೇಳಬೇಕಾದರೆ ಮೋರ್ಸ್ ಬೇಕು. (ಈ ಪಟ್ಟಿಯಲ್ಲಿ ಆ ವಾಕ್ಯ ಹೇಳುವ ಸಂದರ್ಭ ಬಂದೇ ಬರುತ್ತದೆ. 200 ವ್ಯಾಟ್‌ಗೆ ಸುರುಳಿಯ ಮೇಲ್ತುದಿಯಲ್ಲಿ ಹಲವು ಸಾವಿರ ವೋಲ್ಟ್ ಇರುತ್ತದೆ, ಕೈ ದೂರವಿರಲಿ.) ಹಾಗಾಗಿ ನನ್ನ ಸಲಹೆ: 630 ಮೀಟರ್‌ನಲ್ಲಿ ರಾತ್ರಿ ಹೊತ್ತು, ಮಿಂಚು ಕಡಿಮೆಯಿರುವ ಚಳಿಗಾಲದಲ್ಲಿ, ಕೀ ಹಿಡಿಯಿರಿ. 2200ರಲ್ಲಿ ದೂರದ ಆಸೆಯಿದ್ದರೆ ಕಂಪ್ಯೂಟರ್ ಮುಂದೆ ಕೂರಲೇಬೇಕು.

ಪ್ರಶ್ನೆ: ವಿಸ್ಪರ್ (ಡಬ್ಲ್ಯುಎಸ್‌ಪಿಆರ್) ವಿಧಾನದಲ್ಲಿ ಕಳುಹಿಸಿದ ನನ್ನ ಸಿಗ್ನಲ್ ಬೇರೊಂದು ಖಂಡದಲ್ಲಿ ದಾಖಲಾಗಿದೆ. ಇದನ್ನು ಸಂಪರ್ಕವೆಂದು ಲಾಗ್ ಪುಸ್ತಕದಲ್ಲಿ ಬರೆದುಕೊಳ್ಳಬಹುದೇ?

ಉತ್ತರ: ಬರೆದುಕೊಳ್ಳಬಾರದು. ನೀವು ಕಳುಹಿಸಿದಿರಿ, ಅವರ ಯಂತ್ರ ಕೇಳಿಸಿಕೊಂಡಿತು; ಮರುಮಾತು ಬರಲಿಲ್ಲ. ಡಬ್ಲ್ಯುಎಸ್‌ಪಿಆರ್ ಎಂಬುದು ಹಾದಿ ತೆರೆದಿದೆಯೇ ಎಂದು ನೋಡುವ ಬೀಕನ್, ಅಂದರೆ ಉತ್ತರ ಬಯಸದೆ ಕಳುಹಿಸುವ ಗುರುತಿನ ಸಿಗ್ನಲ್. ಇದನ್ನು 2008ರಲ್ಲಿ ರೂಪಿಸಿದ ಜೋ ಟೇಲರ್, ಜೋಡಿ ಪಲ್ಸಾರ್‌ನ (ಜೊತೆಗಾರ ನಕ್ಷತ್ರವಿರುವ, ರೇಡಿಯೋ ಮಿಡಿತ ಹೊಮ್ಮಿಸುವ ನಕ್ಷತ್ರ) ಶೋಧಕ್ಕಾಗಿ 1993ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಗದ್ದಲದೊಳಗೆ ಹುದುಗಿದ ಸಿಗ್ನಲ್ ಹೆಕ್ಕುವುದು ಅವರಿಗೆ ಹಳೆಯ ಕಸುಬು. ಹಾದಿಯಿದೆ ಎಂದು ಈಗ ತಿಳಿಯಿತಲ್ಲ, ಅದೇ ಕೇಂದ್ರದೊಂದಿಗೆ ಸಮಯ ಗೊತ್ತುಮಾಡಿಕೊಂಡು ಎಫ್‌ಎಸ್‌ಟಿ4ನಲ್ಲಿ ಪ್ರಯತ್ನಿಸಿ.

ಪ್ರಶ್ನೆ: ಹೊಸಬ. ಮೊದಲು ಏನನ್ನು ಜೋಡಿಸಿಕೊಳ್ಳಲಿ?

ಉತ್ತರ: ಪ್ರೇಷಕವನ್ನು ಬದಿಗಿಡಿ, ಮೊದಲು ಕೇಳಿ. ಈ ಪಟ್ಟಿಗಳಲ್ಲಿ ಗ್ರಾಹಕದ ಒಳಗದ್ದಲಕ್ಕಿಂತ ಹೊರಗಿನ ಗದ್ದಲವೇ ಎಷ್ಟೋ ಪಾಲು ದೊಡ್ಡದು, ಆದ್ದರಿಂದ ಕೇಳಲು ಚಿಕ್ಕ ಲೂಪ್ ಆಂಟೆನಾ ಸಾಕು. ಅದನ್ನು ತಿರುಗಿಸಿ ಮನೆಯ ಚಾರ್ಜರ್, ಎಲ್‌ಇಡಿ ದೀಪಗಳ ಕಿರಿಕಿರಿಯನ್ನು ಕುಗ್ಗಿಸಬಹುದು. ಎತ್ತರದ ಕಂಬಕ್ಕೆ ಆ ಅನುಕೂಲವಿಲ್ಲ. ಮಿಂಚಿನ ಚಟಪಟ ತಡೆಯುವ ನಾಯ್ಸ್ ಬ್ಲಾಂಕರ್ ಕಿರಿದಾದ ಫಿಲ್ಟರ್‌ಗಿಂತ ಮುಂಚೆಯೇ ಇರಬೇಕು. ನಂತರ ಇಟ್ಟರೆ ಅಷ್ಟರಲ್ಲಿ ಫಿಲ್ಟರ್ ಆ ಹೊಡೆತವನ್ನು ಉದ್ದಕ್ಕೆ ಎಳೆದು ಸಿಗ್ನಲ್‌ನ ಮೇಲೆ ಬಳಿದಿರುತ್ತದೆ. ಕಂಪ್ಯೂಟರ್‌ನ ಗಡಿಯಾರ ಸರಿಯಾಗಿರಲಿ. ಅರ್ಧ ಗಂಟೆಯ ಸರದಿಗಳಿಗೆ ಹೋಗುವಾಗ ಮಾತ್ರ ಆವರ್ತನ ಹುಟ್ಟಿಸುವ ಆಂದೋಲಕದ ಸ್ಥಿರತೆಯ ಚಿಂತೆ: ಅಲ್ಲಿ ಸಂದೇಶವನ್ನು ಹೊತ್ತ ಒಂದು ಸ್ವರಕ್ಕೂ ಮುಂದಿನದಕ್ಕೂ ಇರುವ ಅಂತರ 0.1 ಹರ್ಟ್ಸ್‌ಗಿಂತ ಕಡಿಮೆ, ಜಿಪಿಎಸ್‌ಗೆ ಬಿಗಿದ ಆಂದೋಲಕ ಇದ್ದರೆ ನೆಮ್ಮದಿ. ಪ್ರೇಷಕ ಕಟ್ಟುವ ಹೊತ್ತಿಗೆ ನಿಮ್ಮ ಪರವಾನಗಿ ಈ ಪಟ್ಟಿಗಳಿಗೆ ಅನ್ವಯಿಸುತ್ತದೆಯೇ ಎಂದು ವಿಚಾರಿಸಿಕೊಳ್ಳಿ. ಎಲ್ಲ ದೇಶಗಳ ನಿಯಮ ಒಂದೇ ಆಗಿಲ್ಲ.